ಹೊಂಡಕ್ಕೆ ಬಿಲ್ ಆಗುತ್ತೆ, ಬೇಲಿ ಯಾಕೆ ಆಗಲ್ಲ?

ಬೇಸಿಗೆ ರಜೆ ಬಂತೆಂದರೆ ನಮ್ಮಂಥ ಜಿಲ್ಲಾ ವರದಿಗಾರರು ಬರೆಯುವ ಸುದ್ದಿಯೊಂದಿದೆ: ‘ಕೃಷಿ ಹೊಂಡಕ್ಕೆ ಬಿದ್ದು ಮಕ್ಕಳ ಸಾವು’. ನಾಲ್ಕೇ ಸಾಲು. ಕೈಕಾಲು ತೊಳೆಯಲು ಹೋಗಿದ್ದರು, ಕಾಲು ಜಾರಿತು, ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ. ಊರಿನ ಹೆಸರು ಬದಲಿಸಿದರೆ ಹೋದ ವರ್ಷದ ಸುದ್ದಿಯೇ ನಡೆಯುತ್ತದೆ. ಹೊಂಡಕ್ಕೆ ಬೇಲಿ ಇತ್ತೇ? ಪೊಲೀಸರು ಹೇಳುವುದಿಲ್ಲ, ನಾವು ಕೇಳುವುದಿಲ್ಲ. ಈ ತಪ್ಪಿನಲ್ಲಿ ನಮ್ಮದೂ ಪಾಲಿದೆ.

‘ಕಾಲು ಜಾರಿ’ ಅನ್ನುವುದೇ ಅರ್ಧ ಸುಳ್ಳು. ಪ್ಲಾಸ್ಟಿಕ್ ಹೊದಿಕೆಯ ಇಳಿಜಾರು, ಮೇಲೆ ಪಾಚಿ. ಕಾಲು ಜಾರದೆ ಇನ್ನೇನಾಗಬೇಕು? ಕೆರೆಯಲ್ಲಿ ಹುಲ್ಲು, ಬೇರು ಕೈಗೆ ಸಿಗುತ್ತದೆ. ಬಾವಿಯಲ್ಲಿ ಕಲ್ಲಾದರೂ ಸಿಗುತ್ತದೆ. ಇಲ್ಲಿ ಉಗುರಿಗೂ ಹಿಡಿತವಿಲ್ಲ. ಈಜು ಬಲ್ಲ ದೊಡ್ಡವರಿಗೇ ಹತ್ತುವುದು ಕಷ್ಟ. ಮಗುವನ್ನು ಎತ್ತಲು ಇಳಿದವರೂ ಮೇಲೆ ಬಾರದಿರುವುದು ಇದಕ್ಕೇ.

ಹೊಂಡವೇ ಬೇಡ ಎಂದು ನಾವು ಹೇಳುತ್ತಿಲ್ಲ. 2014–15ರಲ್ಲಿ ಕೃಷಿ ಭಾಗ್ಯ ಬಂದ ಮೇಲೆ ಮಳೆ ನಂಬಿದ ಎಷ್ಟೋ ಹೊಲಗಳಿಗೆ ಅದೇ ಆಸರೆ. ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇ 80, ಪರಿಶಿಷ್ಟರಿಗೆ ಶೇ 90 ಸಹಾಯಧನ. ತಂತಿ ಬೇಲಿಗೂ ಸಹಾಯಧನವಿದೆ, ಆದರೆ ಅಷ್ಟಿಲ್ಲ. ಬಿಲ್ ಆಗುವ ಮುಂಚೆ ಹೊಂಡದ ಉದ್ದ, ಅಗಲ, ಆಳ ಅಳೆಯುತ್ತಾರೆ, ಫೋಟೊ ತೆಗೆಯುತ್ತಾರೆ. ಆಮೇಲೆ ಆ ಕಡೆ ತಿರುಗಿ ನೋಡುವವರಿಲ್ಲ. ಬೇಲಿ ಹಾಕಿದ್ದರೂ ಎರಡು ಮಳೆಗಾಲಕ್ಕೆ ಕಂಬ ವಾಲುತ್ತದೆ. ಗೇಟಿನ ಜಾಗದಲ್ಲಿ ಒಂದು ಮುಳ್ಳಿನ ಕೊಂಬೆ.

ಹೊಲ ಕೈ ಬದಲಾದರೆ ಇನ್ನೂ ಕೆಟ್ಟದ್ದು. ಲಾವಣಿಗೆ ಮಾಡಿದವನು ‘ಬೇಲಿ ಮಾಲೀಕರದು’ ಅನ್ನುತ್ತಾನೆ. ಬೆಂಗಳೂರಿನಲ್ಲಿರುವ ಮಾಲೀಕ ‘ಉಳುವವನು ನೋಡ್ಕೋಬೇಕು’ ಅನ್ನುತ್ತಾನೆ. ಎಲ್ಲ ಬಾಯಿಮಾತು, ಕಾಗದ ಇಲ್ಲ. ಕ್ರಯಪತ್ರದಲ್ಲಾದರೂ ಚೆಕ್ಕುಬಂದಿ, ಮರ, ಬೋರ್‌ವೆಲ್ ಬರುತ್ತವೆ, ಹೊಂಡದ ಬೇಲಿ ಬರುವುದಿಲ್ಲ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಈಜುಕೊಳವಿರುವ ಮನೆಗಳಿಗೆ ಒಂದು ಕಾನೂನಿದೆ. 2016ರ ಏಪ್ರಿಲ್ 29ರಿಂದ, ಬೇಲಿ ಸರಿಯಿದೆ ಎಂಬ ತಪಾಸಣಾ ಪತ್ರವಿಲ್ಲದೆ ಅಂಥ ಮನೆಯನ್ನು ಬಾಡಿಗೆಗೆ ಕೊಡುವಂತಿಲ್ಲ. ಮಾರುವಾಗ ಬೇಲಿ ಸರಿಯಿಲ್ಲ ಎಂಬ ಪತ್ರವನ್ನಾದರೂ ಕರಾರಿಗೆ ಲಗತ್ತಿಸಬೇಕು, ಆಗ ಕೊಂಡವರು 90 ದಿನದೊಳಗೆ ಸರಿಪಡಿಸಬೇಕು. ಸರಿಯಿದೆ ಎಂಬ ಪತ್ರ ಮೂರು ವರ್ಷಕ್ಕಷ್ಟೇ. ಬೇಲಿ ಕನಿಷ್ಠ 1.2 ಮೀಟರ್ ಎತ್ತರ, ಕೆಳಗಿನ ಸಂದಿ 10 ಸೆಂ.ಮೀ.ಗಿಂತ ಹೆಚ್ಚಿರಬಾರದು, ಗೇಟು ತಾನಾಗಿಯೇ ಮುಚ್ಚಿಕೊಳ್ಳಬೇಕು. ಹಣ ಕೈ ಬದಲಾಗುವ ಹೊತ್ತಿಗೇ ಬೇಲಿ ನೋಡು ಅನ್ನುವುದು ಅದರ ಜಾಣತನ. ಆಗ ಯಾರೂ ಮುಂದೂಡಲಾರರು.

‘ಅವರು ಸಿರಿವಂತರು, ರೈತನಿಗೆ ದುಡ್ಡೆಲ್ಲಿ?’ ಸರಿಯಾದ ಪ್ರಶ್ನೆ. ನಾವೂ ರೈತನಿಗೆ ದಂಡ ಹಾಕಿ ಅನ್ನುತ್ತಿಲ್ಲ. ಹೊಂಡಕ್ಕೆ ಕೊಡುವಷ್ಟೇ ಸಹಾಯಧನ ಬೇಲಿಗೂ ಕೊಡಿ. ಬೇಲಿ, ಗೇಟು, ಇಳಿಬಿಟ್ಟ ಗಂಟಿನ ಹಗ್ಗ ಇವಿಷ್ಟೂ ಫೋಟೊದಲ್ಲಿ ಕಂಡ ಮೇಲೆ ಕೊನೆಯ ಕಂತು ಹಾಕಿ. ಹೊಂಡವಿರುವ ಜಮೀನು ನೋಂದಣಿಗೆ ಬಂದರೆ ಬೇಲಿಯ ಪತ್ರ ಕೇಳಿ. ಮೂರು ವರ್ಷಕ್ಕೊಮ್ಮೆ ಪಂಚಾಯಿತಿಯವರು ಸುತ್ತಿ ಬರಲಿ.

ಕೊಳವೆಬಾವಿಗೆ ಬೇಲಿ, ಮುಚ್ಚಳ ಇರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಕೊಳವೆಬಾವಿಗೆ ಮಗು ಬಿದ್ದರೆ ಜೆಸಿಬಿ, ಟಿವಿ ಕ್ಯಾಮೆರಾ ಎಲ್ಲ ಬರುತ್ತವೆ. ಹೊಂಡದಲ್ಲಿ ನಿಮಿಷಗಳಲ್ಲೇ ಎಲ್ಲ ಮುಗಿದಿರುತ್ತದೆ, ಅದಕ್ಕೇ ಯಾರೂ ಬರುವುದಿಲ್ಲ.

ಕೊನೆಗೆ ಎಲ್ಲರೂ ಬೆರಳು ತೋರಿಸುವುದು ತಾಯಿಯ ಕಡೆ: ‘ಮಕ್ಕಳನ್ನ ನೋಡ್ಕೋಬಾರದಿತ್ತಾ?’ ಆಕೆ ಅದೇ ಹೊಲದಲ್ಲಿ ಬಗ್ಗಿ ಕಳೆ ಕೀಳುತ್ತಿದ್ದಳು, ಸ್ವಾಮಿ. ಕೂಲಿಗೆ.

ಇನ್ನು ಮುಂದೆ ನಮ್ಮ ಸುದ್ದಿಯಲ್ಲಿ ಐದನೇ ಸಾಲೊಂದು ಇರುತ್ತದೆ: ಬೇಲಿ ಇತ್ತೋ, ಇಲ್ಲವೋ. ನೀವೂ ಸಂಜೆ ನಿಮ್ಮೂರಿನ ಹೊಂಡದ ಕಡೆ ಒಮ್ಮೆ ಹೋಗಿ ಬನ್ನಿ. ಬೇಲಿ ಇಲ್ಲದಿದ್ದರೆ ಫೋಟೊ ತೆಗೆದು ರೈತ ಸಂಪರ್ಕ ಕೇಂದ್ರಕ್ಕೆ ಅರ್ಜಿ ಕೊಡಿ. ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.