ಬಿದ್ದವನನ್ನು ಕೇಳಿದವರಾರು?

ಪುತ್ತೂರು, ಸುಳ್ಯ, ಕಡಬದ ತೋಟಗಳಲ್ಲಿ ಅಡಿಕೆ ಕೊಯ್ಯಲೋ ಮದ್ದು ಬಿಡಲೋ ಮರವೇರಿದ ತರುಣನು ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತೆಂಬ ಸುದ್ದಿ ಅಪರೂಪದ್ದಲ್ಲ. ನೋಡಲು ಬಂದವರದು ಒಂದೇ ಪ್ರಶ್ನೆ: ‘ಇನ್ನು ನಡೆಯಲಿಕ್ಕಾದೀತೆ?’

ವಿಜ್ಞಾನಿಗಳ ಕುತೂಹಲವೂ ಬಹುಮಟ್ಟಿಗೆ ಅಲ್ಲಿಯೇ ನಿಂತಿತ್ತು. ತಾವೂ ಇದೇ ಪೆಟ್ಟುಂಡ ಅಮೆರಿಕದ ಸಂಶೋಧಕಿ ಕಿಮ್ ಆಂಡರ್ಸನ್ 681 ಮಂದಿಯನ್ನು ಕೇಳಿ 2004ರಲ್ಲಿ ಪ್ರಕಟಿಸಿದ ಉತ್ತರವೇ ಬೇರೆ. ಕೈಕಾಲೆರಡೂ ಸೋತವರು ಮೊದಲು ಬಯಸಿದ್ದು ಕೈಯ ಶಕ್ತಿಯನ್ನು; ಕಾಲು ಮಾತ್ರ ಸೋತವರು ದಾಂಪತ್ಯಸುಖವನ್ನು. ಮಲಮೂತ್ರಗಳ ಹತೋಟಿ ಇಬ್ಬರಿಗೂ ಮುಖ್ಯವಾಗಿತ್ತು. ಇಪ್ಪತ್ತೆರಡರ ಹುಡುಗನೊಡನೆ ಈ ಮಾತೆತ್ತುವ ಧೈರ್ಯ ನಮ್ಮಲ್ಲಿ ಯಾರಿಗಿದೆ?

ನಮ್ಮ ಹುಡುಗರನ್ನು ಕೇಳಿದರೆ ಪಟ್ಟಿ ಇನ್ನಷ್ಟು ಬದಲಾದೀತು. ಪೇಟೆಯ ನುಣುಪು ನೆಲಕ್ಕೆಂದು ಮಾಡಿದ ಗಾಲಿಕುರ್ಚಿಯು ಆಷಾಢದಲ್ಲಿ ಪಾಚಿಗಟ್ಟಿದ ಮುರಕಲ್ಲಿನ ಏರನ್ನು ಹತ್ತದು. ಸ್ಪರ್ಶವೇ ತಿಳಿಯದ ಸೊಂಟದಲ್ಲಿ ಹುಣ್ಣು ಸದ್ದಿಲ್ಲದೆ ಬೆಳೆಯುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಲು ತಾಯಿಯು ರಾತ್ರಿಯೆಲ್ಲ ಎಚ್ಚರವಿರಬೇಕು. ಆ ತಾಯಿಗೂ ವಯಸ್ಸಾಗುತ್ತಿದೆ.

ನೆಲದಲ್ಲಿಯೇ ನಿಂತು ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಈಗ ಬಂದಿದೆ. ಮರವೇರುವವರ ಕಷ್ಟವನ್ನು ಅರಿತುದರ ಫಲವದು, ಸಂತೋಷವೇ. ಈಗಾಗಲೇ ಬಿದ್ದು ಮಲಗಿರುವವನ ಜಗಲಿಗೆ, ಕಾಗದ ಲೇಖನಿ ಹಿಡಿದು, ‘ನಿನಗೇನು ಬೇಕಪ್ಪಾ?’ ಎಂದು ಕೇಳಲು ಸಂಶೋಧಕರು ಹೋಗಲಿ.