ಡಿಸ್ಕ್ ಇದೆ, ದುಡ್ಡೂ ಕೊಟ್ಟಾಗಿದೆ, ಬೋರ್ಡು ಮಾತ್ರ ಆಗಲ್ಲ!

ದೇವನೂರಿನ ಅಂಗಡಿಯವರು ಬೋರ್ಡಿಗಾಗಿ ನಂಜನಗೂಡಿಗೆ ಬಂದರೂ ಅಷ್ಟೇ, ತಿ. ನರಸೀಪುರದ ಬಸ್ಸು ಹತ್ತಿದರೂ ಅಷ್ಟೇ. ಸ್ಟಿಕ್ಕರ್ ಕಟಿಂಗ್ ಅಂಗಡಿಯಲ್ಲಿ ಕೇಳಿಬರೋ ಮಾತು: ‘ಸಿಸ್ಟಮ್ ಕೆಟ್ಟಿದೆ ಸಾರ್, ಎರಡು ದಿನ ಬಿಟ್ಟು ಬನ್ನಿ.’

ಕೆಟ್ಟಿರೋದೇನು ಸ್ವಾಮಿ? ಕತ್ತರಿಸುವ ಯಂತ್ರ ಗಟ್ಟಿಮುಟ್ಟಾಗಿದೆ. ಸಾಫ್ಟ್‌ವೇರಿನ ಸಿ.ಡಿ. ಕವರಿನಲ್ಲೇ ಭದ್ರ. ಸತ್ತಿರೋದು ಹಳೇ ಕಂಪ್ಯೂಟರು. ಹೊಸದು ತಂದರೆ ಸಿ.ಡಿ. ಹಾಕೋ ಬಾಯೇ ಇಲ್ಲ, ಯಂತ್ರದ ಒಂಬತ್ತು ಪಿನ್ನಿನ ವೈರಿಗೆ ಜಾಗವೂ ಇಲ್ಲ. ಬೇರೆ ಡ್ರೈವ್ ಸಿಕ್ಕಿಸಿದರೆ, ಈ ಪ್ರೋಗ್ರಾಂ ಇಲ್ಲಿ ನಡೆಯಲ್ಲ ಅಂತ ಪರದೆ ಮೇಲೆ ಬರುತ್ತೆ.

ಇದರಲ್ಲೊಂದು ಸೋಜಿಗವಿದೆ. 1990ರ ದಶಕದ ಎಷ್ಟೋ ಸಾಫ್ಟ್‌ವೇರು 32 ಬಿಟ್ಟಿನವು, ಇವತ್ತಿನ ವಿಂಡೋಸಿನಲ್ಲೂ ಓಡಬಲ್ಲವು. ಅವನ್ನು ಒಳಗೆ ಕೂರಿಸುವ ಸೆಟಪ್ ಮಾತ್ರ 16 ಬಿಟ್ಟಿನದು, ಅದನ್ನು 64 ಬಿಟ್ ವಿಂಡೋಸ್ ಒಪ್ಪೋದಿಲ್ಲ. ವಿಂಡೋಸ್ 11 ಬರೋದೇ 64 ಬಿಟ್ಟಿನಲ್ಲಿ. ಮನೆ ಚೆನ್ನಾಗಿದೆ, ಬೀಗದ ಕೈ ತುಕ್ಕು ಹಿಡಿದಿದೆ ಅಷ್ಟೆ. ಒರಿಜಿನಲ್ ಡಿಸ್ಕ್ ಇಟ್ಟುಕೊಂಡವನಿಗೆ ಹೊಸ ಸೆಟಪ್ ಕೊಡೋದು ಮಾರಿದವರ ಧರ್ಮವಲ್ಲವೆ? ಹೊಸದನ್ನೇ ಕೊಳ್ಳಿ ಅಂದರೆ ಒಂದೇ ಎಮ್ಮೆಯನ್ನು ಎರಡು ಸಲ ಮಾರಿದ ಹಾಗೆ.

ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ತಿದ್ದಿದರು. ಒಳ್ಳೇದೇ. ಆದರೆ ಹಳೇ ಸಿಸ್ಟಮ್ಮಿನದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತ ಕನ್ನಡ. ಆ ಫಾಂಟಿಲ್ಲದ ಕಡೆ ಫೈಲು ತೆರೆದರೆ ನಿಮ್ಮ ಅಂಗಡಿ ಹೆಸರು ಹೋಗಿ ಎಬಿಸಿಡಿ ಕಲಸುಮೇಲೋಗರ! ಯೂನಿಕೋಡಿನಲ್ಲಿ ಕನ್ನಡ 1991ರಿಂದಲೇ ಇದೆ, ಹಳೇ ಡಿಸ್ಕಿಗೆ ಅದರ ಗಂಧವಿಲ್ಲ.

ಕಟಿಂಗ್‌ನವರು ಉಸಿರಾಡ್ತಿರೋ ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕಬಾರದು. ಇಂಟರ್‌ನೆಟ್ ವೈರು ಕಿತ್ತಿಡಲಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಕಾವಲು ನಿಲ್ಲಿಸಿದ್ದು 2014ರ ಏಪ್ರಿಲ್‌ನಲ್ಲಿ. ಗೀರು ಬೀಳೋ ಮೊದಲೇ ಡಿಸ್ಕಿನ ನಕಲು ತೆಗೆದಿಡಲಿ. ಹೊಸ ಕಂಪ್ಯೂಟರೊಳಗೇ ಹಳೇ 32 ಬಿಟ್ ವಿಂಡೋಸನ್ನು ಬೇರೆ ಕೋಣೆಯಂತೆ ಕೂರಿಸೋ ಉಪಾಯವೂ ಉಂಟು. ಇಂಕ್‌ಸ್ಕೇಪ್ ಪುಕ್ಕಟೆ ಸಿಗುತ್ತೆ, ಯೂನಿಕೋಡ್ ಕನ್ನಡ ಬರೆಯುತ್ತೆ, ಎಷ್ಟೋ ಯಂತ್ರಗಳಿಗೆ ನೇರ ಗೆರೆ ಕಳಿಸುತ್ತೆ. ಬೋರ್ಡು ಅಳೆಯಲು ಬರೋ ಅಧಿಕಾರಿಗಳು ತಾಲ್ಲೂಕಿಗೊಂದು ದಿನ ಇದನ್ನು ಕಲಿಸಲು ಏರ್ಪಾಡು ಮಾಡಿದರೆ ಗಂಟೇನೂ ಹೋಗಲ್ಲ.

ಅಂಗಡಿಯವರೇ, ಬೋರ್ಡಿಗೆ ದುಡ್ಡು ಎಣಿಸುವಾಗ ಫೈಲನ್ನೂ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ಅಕ್ಷರಗಳನ್ನು ‘ಕರ್ವ್ಸ್’ ಮಾಡಿದ್ದೀರಾ ಅಂತ ಕೇಳಿ. ಮಾಡಿದ್ದರೆ ಫಾಂಟ್ ಇಲ್ಲದ ಕಡೆಯೂ ನಿಮ್ಮ ಹೆಸರು ಹೆಸರಾಗೇ ಬರುತ್ತೆ.