ಮುಚ್ಚಿಟ್ಟು ಓದುವವರ ಪರವಾಗಿ ನಾಲ್ಕು ಮಾತು

ಮೊನ್ನೆ ಆಫೀಸಿನ ಕ್ಯಾಬಿನಲ್ಲಿ ಸಿಲ್ಕ್ ಬೋರ್ಡ್ ಹತ್ರ ಸಿಕ್ಕಿಹಾಕಿಕೊಂಡಿದ್ದೆ. ಎಂದಿನಂತೆ. ಸುಮ್ನೆ ಕೂರೋದ್ಯಾಕೆ ಅಂತ ಕಿಂಡಲ್ ತೆಗೆದೆ. ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿ ಪುಸ್ತಕದ ಹೆಸರು ಕೇಳಿದ, ಫೋನಲ್ಲಿ ಹುಡುಕಿದ, ಆಮೇಲೆ ನನ್ನ ಮುಖ ನೋಡಿದ. "ಬಿಇ ಮಾಡಿರೋಳು ನೀನು, ಇಂಥದ್ದಾ ಓದೋದು?"

ಪುಸ್ತಕ ಎಚ್. ಡಿ. ಕಾರ್ಲ್‌ಟನ್ ಬರೆದ 'ಹಾಂಟಿಂಗ್ ಅಡೆಲಿನ್', 2021ರದ್ದು. ಡಾರ್ಕ್ ರೊಮ್ಯಾನ್ಸ್ ಅಂತಾರಲ್ಲ, ಆ ಜಾತಿ. ನಾಯಕಿಯನ್ನು ಕದ್ದು ಹಿಂಬಾಲಿಸುವವನೇ ನಾಯಕ. ನನ್ನ ಸಹೋದ್ಯೋಗಿಗೆ ಅದು ಅಸಹ್ಯ. ಸರಿ, ಆಗಲಿ. ಆದ್ರೆ ಇದೇ ಪುಣ್ಯಾತ್ಮ 1995ರ 'ಓಂ' ಮತ್ತೆ ತೆರೆ ಕಂಡಾಗೆಲ್ಲ ಶಿಳ್ಳೆ ಹೊಡೆಯೋಕೆ ಹೋಗ್ತಾನೆ. ಅಲ್ಲೂ ರೌಡಿ ನಾಯಕ ಬೇಡ ಬೇಡ ಅನ್ನುವ ಹುಡುಗಿಯ ಬೆನ್ನು ಬಿದ್ದಿರ್ತಾನೆ. ಹಾಗೆ ನೋಡಿದ್ರೆ 'ಓಂ' ನನಗೂ ಇಷ್ಟ. ಅವನು ನೋಡಿದ್ರೆ ಕ್ಲಾಸಿಕ್ಕು, ನಾನು ಓದಿದ್ರೆ ಮಾನಸಿಕ ಸಮಸ್ಯೆ, ಇದು ಯಾವ ನ್ಯಾಯ ಅನ್ನೋದಷ್ಟೇ ನನ್ನ ತಕರಾರು.

ಇಷ್ಟಕ್ಕೂ ಇದೇನು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1847ರ 'ಜೇನ್ ಏರ್'ನಲ್ಲಿ ನಾಯಕ ಹೆಂಡತಿಯನ್ನು ಮನೆಯ ಮೇಲಂತಸ್ತಿನಲ್ಲಿ ಕೂಡಿಹಾಕಿ ಇನ್ನೊಬ್ಬಳನ್ನು ಮದುವೆಯಾಗೋಕೆ ಹೊರಡ್ತಾನೆ. ಅದೇ ವರ್ಷದ 'ವದರಿಂಗ್ ಹೈಟ್ಸ್'ನ ಹೀತ್‌ಕ್ಲಿಫ್ ಬಗ್ಗೆ ಹೇಳೋದೇ ಬೇಡ. 1972ರಲ್ಲಿ ಬಂದ ಕ್ಯಾಥಲೀನ್ ವುಡಿವಿಸ್ ಅವರ 'ದ ಫ್ಲೇಮ್ ಅಂಡ್ ದ ಫ್ಲವರ್'ನಲ್ಲಂತೂ ನಾಯಕ ಶುರುವಿನಲ್ಲೇ ನಾಯಕಿಯ ಮೇಲೆ ಅತ್ಯಾಚಾರ ಮಾಡ್ತಾನೆ, ಮುಂದೆ ಅದೇ ಪ್ರೇಮಕಥೆ ಆಗುತ್ತೆ. ಜಾನಿಸ್ ರಾಡ್ವೇ ಅನ್ನುವ ವಿದ್ವಾಂಸೆ ಅಮೆರಿಕದ ಒಂದು ಊರಿನ ರೊಮ್ಯಾನ್ಸ್ ಓದುಗಿಯರನ್ನೇ ಕೂರಿಸಿ ಮಾತಾಡಿಸಿ 1984ರಲ್ಲಿ ಪುಸ್ತಕ ಬರೆದರು. ಆ ಹೆಂಗಸರಿಗೆ ಕಥೆಯಷ್ಟೇ ಮುಖ್ಯವಾಗಿದ್ದದ್ದು ಓದುವ ಹೊತ್ತು. ಗಂಡ, ಮಕ್ಕಳು ಯಾರೂ ಕೈ ಹಾಕದ ತಮ್ಮದೇ ಹೊತ್ತು. ಜೊತೆಗೆ, ಬರೀ ಕ್ರೂರಿಯಾದ ನಾಯಕ ಅವರಿಗೂ ಬೇಡವಾಗಿದ್ದ. ಓದುಗಿಯರು ದಡ್ಡಿಯರು ಅನ್ನುವವರು ಈ ಎರಡನೇ ವಿಷಯವನ್ನು ಗಮನಿಸಬೇಕು.

ಈಗ ನನ್ನ ಕಥೆ. 2022ರಲ್ಲಿ ಒಬ್ಬ ಆರು ತಿಂಗಳು ನನ್ನ ಹಿಂದೆ ಬಿದ್ದಿದ್ದ. ಪಿಜಿ ಎದುರಿನ ಬೇಕರಿಯಲ್ಲಿ ಟೀ ಹಿಡ್ಕೊಂಡು ನಿಂತಿರೋನು. ಮಾತಿಲ್ಲ, ಕಥೆಯಿಲ್ಲ. ರಾತ್ರಿ ಕ್ಯಾಬ್ ಇಳಿದಾಗಲೂ ಅಲ್ಲೇ. ಪೊಲೀಸರ ಹತ್ರ ಹೋಗೋ ಧೈರ್ಯ ಬರಲಿಲ್ಲ, ಪಿಜಿ ಬದಲಾಯಿಸಿದೆ, ಅಡ್ವಾನ್ಸಿನಲ್ಲಿ ಅರ್ಧ ಕಳಕೊಂಡೆ. ಅವನ ತಲೆಯಲ್ಲಿ ಏನಿತ್ತು ಅನ್ನೋದು ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನನ್ನು ತಿಂದುಹಾಕಿದ್ದು ಆ ಗೊತ್ತಿಲ್ಲದಿರುವಿಕೆ.

ಇಂಥಾ ಅನುಭವ ಆದವಳು ಇಂಥಾ ಪುಸ್ತಕ ಹೇಗೆ ಓದ್ತೀಯ ಅಂತ ರೂಮ್‌ಮೇಟ್ ಕೇಳಿದ್ಲು. ತುಂಬಾ ಯೋಚನೆ ಮಾಡಿದೆ. ಈ ಕಾದಂಬರಿಗಳಲ್ಲಿ ಹೆಚ್ಚಿನವು ಸರದಿಯಲ್ಲಿ ಸಾಗುತ್ತವೆ, ಒಂದು ಅಧ್ಯಾಯ ಅವಳ ಬಾಯಲ್ಲಿ, ಮುಂದಿನದು ಅವನ ಬಾಯಲ್ಲಿ. ಕತ್ತಲಲ್ಲಿ ನಿಂತವನ ತಲೆಯೊಳಗೆ ಏನಿದೆ ಅಂತ ನಾಯಕಿಗಿಂತ ಮೊದಲು ನನಗೆ ಗೊತ್ತಾಗುತ್ತೆ. ಬೇಡ ಅನ್ನಿಸಿದರೆ ಮುಚ್ಚಿಡ್ತೀನಿ, ಪುಸ್ತಕ ಬೇಕರಿ ಮುಂದೆ ಬಂದು ನಿಲ್ಲಲ್ಲ. ಭಯವನ್ನು ನನ್ನ ಕೈಯಲ್ಲಿ ಹಿಡಿದು ತಿರುಗಿಸಿ ನೋಡೋಕೆ ಸಿಕ್ಕಿದ್ದು ಅಲ್ಲೇ. ಹಾಗಂತ ನಿಜ ಜೀವನದಲ್ಲಿ ಅಂಥವನು ಬೇಕಾ? ಖಂಡಿತ ಇಲ್ಲ ಸ್ವಾಮಿ. ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ನಿನಲ್ಲಿ ಅಂಥವನಿಗೆ ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲಿದೆ, ಹೋಗಿ ಕೂರಲಿ.

ಆದ್ರೆ ನಮ್ಮ ಕಡೆಯವರ ಜೊತೆಗೂ ನನಗೆ ಜಗಳ ಇದೆ. "ಬರೀ ಕಲ್ಪನೆ, ಯಾಕೆ ತಲೆ ಕೆಡಿಸ್ಕೋತೀರಾ" ಅಂತಾರಲ್ಲ, ಅವರ ಜೊತೆ. ಏನೂ ಪರಿಣಾಮ ಬೀರದ ಪುಸ್ತಕಕ್ಕೆ ಬೆಳಗಿನ ಜಾವ ಮೂರರವರೆಗೆ ನಿದ್ದೆಗೆಡ್ತೀವಾ? 'ಹಾಂಟಿಂಗ್ ಅಡೆಲಿನ್'ನಲ್ಲಿ ನನಗೆ ಕೋಪ ಬಂದದ್ದು ಅಲ್ಲಿನ ಹಿಂಸೆಗಲ್ಲ. ನಾಯಕ ಮಾನವ ಸಾಗಣೆ ಮಾಡುವವರನ್ನು ಬೇಟೆಯಾಡುವವನೂ ಹೌದು. ಅವನಿಗಿಂತ ದೊಡ್ಡ ರಾಕ್ಷಸರನ್ನು ಪಕ್ಕದಲ್ಲಿ ನಿಲ್ಲಿಸಿ, ನೋಡಿ ಇವನೆಷ್ಟು ಒಳ್ಳೆಯವನು ಅನ್ನೋದು ಸೋಮಾರಿತನದ ಬರವಣಿಗೆ. 1938ರಲ್ಲೇ 'ರೆಬೆಕಾ' ಬರೆದ ದಾಫ್ನೆ ದು ಮೋರಿಯೇ ಇಂಥಾ ಊರುಗೋಲು ಹಿಡಿಯಲಿಲ್ಲ. ಅಲ್ಲಿ ಗಂಡನ ಮನಸ್ಸಿನೊಳಗೆ ನಮಗೆ ಪ್ರವೇಶವೇ ಇಲ್ಲ, ಎರಡನೇ ಹೆಂಡತಿಯ ಜೊತೆ ನಾವೂ ಕತ್ತಲಲ್ಲೇ ತಡಕಾಡಬೇಕು.

ಹುಡುಕೋದು ಹೇಗೆ ಅಂತ ಕೇಳುವವರಿಗೆ: ನಕ್ಷತ್ರಗಳನ್ನು ನಂಬಬೇಡಿ. ಒಂದೇ ನಕ್ಷತ್ರ ಕೊಟ್ಟು ಬೈದವರ ವಿಮರ್ಶೆ ಓದಿ. ಏನು ಅಸಹ್ಯವಾಯ್ತು ಅಂತ ಅವರು ಬಿಡಿಸಿ ಬರೆದಿರ್ತಾರೆ, ನಮಗೆ ಬೇಕಾದ ಮಾಹಿತಿ ಅದೇ :-) ಮೊದಲ ಪುಟದ ಎಚ್ಚರಿಕೆಯ ಪಟ್ಟಿಯನ್ನು ಹಾರಿಸಬೇಡಿ. ಕಿಂಡಲ್ ಅನ್‌ಲಿಮಿಟೆಡ್‌ನಲ್ಲಿ 2015ರಿಂದ ಲೇಖಕರಿಗೆ ದುಡ್ಡು ಸಿಗೋದು ಓದಿದ ಪುಟಗಳ ಲೆಕ್ಕದಲ್ಲಿ. ಮುನ್ನೂರು ಪುಟದ ಕಥೆ ಆರುನೂರಾದರೆ ಯಾಕೆ ಅಂತ ಯೋಚಿಸಿ. ಅಡೆಲಿನ್ ಕಥೆಯ ಮೊದಲ ಭಾಗ ನಡುಬೀದಿಯಲ್ಲಿ ಕೈಬಿಡುತ್ತೆ, 2022ರ ಎರಡನೇ ಭಾಗ ಅದಕ್ಕಿಂತ ಘೋರ. ಹೊಸಬರು ಅಲ್ಲಿಂದ ಶುರು ಮಾಡಲೇಬೇಡಿ, 'ರೆಬೆಕಾ' ಹಿಡೀರಿ.

ಕನ್ನಡದ ವಿಷಯಕ್ಕೆ ಬಂದ್ರೆ ಹೊಟ್ಟೆ ಉರಿಯುತ್ತೆ. ತ್ರಿವೇಣಿ 'ಶರಪಂಜರ'ದಲ್ಲಿ, ಹುಚ್ಚು ವಾಸಿಯಾಗಿ ಬಂದ ಹೆಂಗಸನ್ನು ಅವಳ ಮನೆಯೇ ಹೇಗೆ ಮತ್ತೆ ಹುಚ್ಚಿಗೆ ನೂಕುತ್ತೆ ಅಂತ ಕಣ್ಣಿಗೆ ಕಟ್ಟುವಂತೆ ಬರೆದವರು. 1963ರಲ್ಲೇ ತೀರಿಕೊಂಡರು. ಇವತ್ತು ಮೊಬೈಲಿನಲ್ಲಿ ನಾನು ಓದಿದ ಎಷ್ಟೋ ಕನ್ನಡ ಧಾರಾವಾಹಿಗಳಲ್ಲಿ ಶ್ರೀಮಂತ ನಾಯಕ ಬಲವಂತದಿಂದ ತಾಳಿ ಕಟ್ತಾನೆ, ಕೆನ್ನೆಗೆ ಬಾರಿಸ್ತಾನೆ, ನಲವತ್ತನೇ ಕಂತಿಗೆ ಅವಳಿಗೆ ಅವನ ಮೇಲೆ ಪ್ರೀತಿ. ಹಣೆಪಟ್ಟಿ ಏನು ಗೊತ್ತಾ? ಕೌಟುಂಬಿಕ! ಆ ಇಂಗ್ಲಿಷ್ ಪುಸ್ತಕ ಇದು ಕತ್ತಲು, ನೋಡ್ಕೊಂಡು ಬಾ ಅಂತ ಬಾಗಿಲಲ್ಲೇ ಹೇಳುತ್ತೆ. ನಮ್ಮದು ಅದೇ ಕತ್ತಲಿಗೆ ಅರಿಶಿನ ಕುಂಕುಮ ಹಚ್ಚಿ ಮನೆಮಂದಿಗೆಲ್ಲ ಬಡಿಸುತ್ತೆ. ನನ್ನ ಸಹೋದ್ಯೋಗಿಗೆ ಇದು ಅಸಹ್ಯ ಅನ್ನಿಸಿಲ್ಲ.

ಅಮ್ಮ ಶಿವಮೊಗ್ಗದಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಯ ಕಾದಂಬರಿಗಳನ್ನು 'ಸುಧಾ' ಒಳಗಿಟ್ಟುಕೊಂಡು ಓದ್ತಿದ್ದಳಂತೆ, ತಾತ ಬೈತಾರೆ ಅಂತ. ಹೋದ ಭಾನುವಾರ ಫೋನಲ್ಲಿ 'ರೆಬೆಕಾ' ಕಥೆ ಅರ್ಧ ಹೇಳಿದೆ. "ಆ ಗಂಡ ಸಿಕ್ಕಿಬೀಳ್ತಾನೇನೇ ಕೊನೆಗೆ?" ಅಂದಳು. ಹೇಳಲಿಲ್ಲ. ಕನ್ನಡದಲ್ಲಿ ಇಂಥದ್ದು, ಹಣೆಪಟ್ಟಿ ಬದಲಿಸದೆ ಬರೆದದ್ದು, ನಿಮಗೆ ಗೊತ್ತಿದ್ದರೆ ಹೆಸರು ಹೇಳಿ. ಅಮ್ಮನಿಗೂ ಕೊಡಬೇಕು.